ಕೆರೆದಂಡೆಯ ಟ್ರಿಪ್ ಶೀಟು

ಏಳೂಕಾಲಿಗೆ ಅವಳನ್ನು ಒಳಗೆ ಕರೆದರು.
ಇನ್ನು ನಾಲ್ಕು ತಾಸು ನನಗೆ ಕೆಲಸವಿಲ್ಲ.
ಡಯಾಲಿಸಿಸ್ ಕೋಣೆಯ ಮುಂದಿನ ಬೆಂಚು ಬೇಡ,
ಅಲ್ಲಿ ಎಲ್ಲರ ಕಾಯಿಲೆ ಎಲ್ಲರಿಗೂ ಬಾಯಿಪಾಠ.
ರಸ್ತೆ ದಾಟಿ ಕೆರೆಗೆ ಬರುತ್ತೇನೆ,
ಮುರಿದ ಮೆಟ್ಟಿಲ ಮೇಲೆ ಟವೆಲು ಹಾಸಿ
ಸಾಗರ ಪೇಟೆಗೆ ಬೆನ್ನು ಹಾಕಿ ಕೂರುತ್ತೇನೆ.

ಮೊದಲು ಬರೀ ಮಂಜು.
ಆಮೇಲೆ ಮಂಜಿನೊಳಗಿಂದ ಒಂದು ಸಿಳ್ಳೆ.

ಮೂವತ್ತೊಂದು ವರ್ಷ
ಸೊರಬ, ಉಳವಿ, ಸಾಗರ ರೂಟಿನಲ್ಲಿ
ಪೀಪಿ ಊದಿದ ಬಾಯಿ ಇದು,
ಯಾರು ಊದಿದರೂ ಕತ್ತು ತಾನೇ ತಿರುಗುತ್ತದೆ.
ಬಾತುಗಳು.
ಒದ್ದೆ ಬೆಲ್ಲದ ಬಣ್ಣ, ಕಪ್ಪು ಕೊಕ್ಕು.
ಸಿಳ್ಳೆಬಾತು ಅಂತಾರೆ ಕಣ್ರೀ ಇದಕ್ಕೆ,
ಅಂದರು ಎಕ್ಸ್‌ರೇ ಕೋಣೆಯ ಬುಡೇನ್ ಸಾಬರು,
ಬೀಡಿಗೆಂದು ಹೊರಬಂದವರು.

ತಲೆ ಎಣಿಸುವುದು ಹಳೆಯ ಚಟ.
ಹನ್ನೊಂದು, ಹನ್ನೆರಡು,
ಹದಿಮೂರು ಅನ್ನುವಷ್ಟರಲ್ಲಿ ನಾಲ್ಕನೆಯದು ಮುಳುಗಿತು.
ಎಲ್ಲೋ ತಾವರೆ ಎಲೆಗಳಾಚೆ
ಏನೂ ಆಗದವರ ಮುಖ ಮಾಡಿಕೊಂಡು ಎದ್ದಿತು.
ಅದೇನಾ? ಬೇರೆಯದಾ?
ಸೀಟಿನಡಿ ಅಡಗಿದ ಶಾಲೆ ಹುಡುಗರನ್ನೂ
ಕಾಲು ನೋಡಿ ಹಿಡಿದವನು ನಾನು.
ಇವುಗಳ ಕಾಲೇ ಕಾಣುವುದಿಲ್ಲ.
ಮೇಲೆ ಸಾಹುಕಾರರ ಹಾಗೆ ಸಾಗುತ್ತವೆ,
ಕೆಳಗೆ ಅದೆಷ್ಟು ತುಳಿಯುತ್ತವೋ.

ಒಂದಕ್ಕೆ ಇದ್ದಕ್ಕಿದ್ದಂತೆ ಹುಕಿ.
ಇನ್ನೊಂದರ ಬಾಲ ಕುಕ್ಕಿ
ಹಾರುವುದೋ ಓಡುವುದೋ ತೀರ್ಮಾನವಾಗದೆ
ನೀರ ಮೇಲೇ ದೌಡು,
ಚಪಚಪ ಚಪಚಪ.
ಹೆಜ್ಜೆಗೊಂದು ಬಟ್ಟಲು ಮೂಡುತ್ತದೆ ಕೆರೆಯಲ್ಲಿ.
ಮುಂದಿನ ಹೆಜ್ಜೆಗೆ ಹಿಂದಿನದಿಲ್ಲ,
ನೀರಿಗೆ ಯಾರ ಮೇಲೂ ಸಿಟ್ಟಿಲ್ಲ.

ಅವಳ ಪಾದ ಹಾಗಲ್ಲ.
ಹೆಬ್ಬೆರಳಲ್ಲಿ ಒತ್ತಿದರೆ ಕುಳಿ ಬೀಳುತ್ತದೆ,
ಕುಳಿ ಹಾಗೇ ಇರುತ್ತದೆ.
ನಾನು ಎಲೆ ಅಡಿಕೆ ಹಾಕಿ ಉಗಿದು ಬಂದರೂ
ಇರುತ್ತದೆ.

ಬಾತು ಮುಳುಗಿ ಏಳುತ್ತದೆ, ಬೆನ್ನು ಕೊಡವುತ್ತದೆ,
ಸಾಸಿವೆ ಚೆಲ್ಲಿದ ಹಾಗೆ ಹನಿಯೆಲ್ಲ ಉರುಳಿ
ಮೈ ಬೆಚ್ಚಗೆ, ಒಣಗು.
ಇವಳಲ್ಲಿ ಗುಟುಕು ಗುಟುಕೂ ನಿಲ್ಲುತ್ತದೆ.
ಹೆಸರು ಹೊಳೆಯಮ್ಮ.
ದಿನಕ್ಕೆ ಅರ್ಧ ಲೀಟರು,
ಚಹಾ, ಗಂಜಿ, ಗುಳಿಗೆಯ ನೀರು ಎಲ್ಲ ಸೇರಿ.
ಗೆರೆ ಎಳೆದ ಬಾಟಲಿ ನನ್ನ ಚೀಲದಲ್ಲಿದೆ,
ಹಿಂದೆ ಟಿಕೆಟ್ ಕಟ್ಟು ಇರುತ್ತಿದ್ದ ಜಾಗದಲ್ಲಿ.

ಮೊನ್ನೆ ರಾತ್ರಿ ಅಡುಗೆಮನೆಯ ಕತ್ತಲಲ್ಲಿ
ಅಕ್ಕಿ ತೊಳೆದ ನೀರು ಕುಡಿಯುತ್ತಿದ್ದಳು,
ಪಾತ್ರೆಗೇ ಬಾಯಿ ಹಚ್ಚಿ, ಸದ್ದಾಗದಂತೆ.
ನೋಡಿದೆ.
ಹೋಗಿ ಮಲಗಿ ಗೊರಕೆ ಹೊಡೆದೆ.

ಬಿಸಿಲು ಬಂತು. ಮಂಜು ಹರಿಯಿತು.
ಮರಿಗಳೂ ಇವೆ, ಈಗ ಕಂಡವು,
ಜೊಂಡಿನ ಬುಡದಲ್ಲಿ ಆರೋ ಏಳೋ.
ತಾಯಿ ಎಳೆದ ಗೆರೆ ಹಿಡಿದು ಸಾಲಾಗಿ ಬಂದು
ನಟ್ಟನಡುವೆ ಸಾಲು ಮರೆತು
ಒಂದರ ಮೇಲೊಂದು ನುಗ್ಗಾಟ,
ಸಂತೆ ದಿನದ ಮುಂಬಾಗಿಲು.
ಕಡೆಯದೊಂದು ಮಾತ್ರ ತೇಲುವ ಎಲೆಯೊಡನೆ
ಏನೋ ಜಗಳ ತೆಗೆದು ಅಲ್ಲೇ ಉಳಿದಿದೆ.
ಹೋಲ್ಡಾನ್, ಅಂದೆ, ಜೋರಾಗಿಯೇ.
ಬಟ್ಟೆ ಒಗೆಯುತ್ತಿದ್ದವಳು ತಿರುಗಿ ನೋಡಿದಳು.

ಹನ್ನೊಂದೂ ಇಪ್ಪತ್ತಕ್ಕೆ ಅವಳೇ ಬಂದಳು,
ತೋಳಿಗೆ ಹತ್ತಿ, ಹತ್ತಿಗೆ ಪಟ್ಟಿ,
ಒಂದೊಂದೇ ಮೆಟ್ಟಿಲು.
"ಇವತ್ತೆಷ್ಟು?"
"ಹದಿನೇಳು."
"ಸೋಮವಾರ ಹತ್ತೊಂಬತ್ತು ಅಂದಿದ್ರಿ."
"ಮುಳುಗಿರ್ತಾವೆ."
ಅವಳು ಒಂದೊಂದಾಗಿ ತಾನೇ ಎಣಿಸತೊಡಗಿದಳು
ಬೆರಳ ಗೆರೆ ಹಿಡಿದು, ಶಾಲೆಗೆ ಹೋಗದವರ ಲೆಕ್ಕ,
ಚಪ್ಪಲಿ ಕಳಚಿ ಪಾದ ನೀರಿಗಿಟ್ಟು.

"ಒಂದ್ಸಲ ಊದಿ."
"ಪೀಪಿ ಎಲ್ಲಿದೆ?"
"ಬಾಯಲ್ಲೇ."
ಊದಿದೆ. ಹಲ್ಲಿಲ್ಲದ ಕಡೆಯಿಂದ
ಗಾಳಿ ಮಾತ್ರ ಹೋಯಿತು.
ಒಂದು ಬಾತು ಕತ್ತು ತಿರುಗಿಸಿತು.
ತನ್ನ ಪಾಡಿಗೆ ತಿರುಗಿಸಿದ್ದೂ ಇರಬಹುದು.

ಬಸ್‌ಸ್ಟ್ಯಾಂಡಿನ ಕಡೆ ಉಳವಿ ಬಸ್ಸಿನ ಹಾರ್ನು.
ಮೈಯೆಲ್ಲ ಎದ್ದು ನಿಂತಿತು ನನಗೆ.
ಅವಳು ಬೆರಳು ಬಿಡಲಿಲ್ಲ:
"ಹೋಗ್ಲಿ ಬಿಡಿ ಅದು.
ಹದಿನಾಲ್ಕು."